ಐದು ಪ್ರಶ್ನೆಗಳಿಗೆ ನಾನು ಕಲಿಸಿದ ಉತ್ತರ

ನನ್ನ ಮೊಮ್ಮಗಳು ಸಾನಿಕಾ ಆಟಗಾರರ ಏಜೆಂಟರ ಪರೀಕ್ಷೆ ಪಾಸಾದಳು. ಮೊದಲನೇ ಸಲಕ್ಕೇ ಪಾಸು. ಸುದ್ದಿ ಬಂದ ದಿನ ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಇಪ್ಪತ್ತೆರಡು ಮನೆಗೂ ನಾನೇ ಕೈಯಾರೆ ಪೇಡೆ ಹಂಚಿದೆ. ಲಿಫ್ಟ್ ಕೆಟ್ಟಿತ್ತು, ಮೊಣಕಾಲು ಬೇಡವೆನ್ನುತ್ತಿತ್ತು, ಆದರೂ ಎರಡು ಸುತ್ತು ಬಂದೆ. ಮೊದಲ ಸುತ್ತಿನಲ್ಲಿ ಯಾರನ್ನೋ ಬಿಟ್ಟಿದ್ದೇನೆ ಎಂದು ಸಂಶಯ. ಮೂರನೇ ಮಹಡಿಯ ಅಜ್ಜಿ ಮದುವೆ ಗೊತ್ತಾಯಿತೇ ಎಂದು ಮರಾಠಿಯಲ್ಲಿ ಕೇಳಿದರು. ಅದಕ್ಕಿಂತ ದೊಡ್ಡದು ಎಂದೆ. ಅವರು ನನ್ನ ಮುಖ ನೋಡಿ ಇನ್ನೊಂದು ಪೇಡೆ ತೆಗೆದುಕೊಂಡರು. ಹೆಣ್ಣುಮಗಳೊಬ್ಬಳು, ಅದೂ ನಮ್ಮ ಮನೆಯವಳು, ಫುಟ್‌ಬಾಲ್ ಆಟಗಾರರ ಪರವಾಗಿ ಕ್ಲಬ್ಬಿನವರ ಎದುರು ಕುಳಿತು ಕರಾರು ಮಾತಾಡುತ್ತಾಳೆ ಎಂದರೆ ನನಗೆ ನಿದ್ದೆ ಎಲ್ಲಿಂದ ಬರಬೇಕು? ಬೆಳಿಗ್ಗೆ ಹಲ್ಲುಜ್ಜುವಾಗ ಕನ್ನಡಿಯಲ್ಲಿ ನೋಡಿಕೊಂಡರೆ ನಗುತ್ತಿರುತ್ತೇನೆ.

ನಾನು ಓದಿದ್ದು ಏಳನೇ ಕ್ಲಾಸು, ಠಾಣೆಯ ರಾತ್ರಿ ಶಾಲೆಯಲ್ಲಿ. ಬರೆಯಲು ಬರುವುದು ಕನ್ನಡ ಒಂದೇ. ಸಾನಿಕಾಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ, ಇಪ್ಪತ್ತು ವರ್ಷದಿಂದ ಹೀಗೆಯೇ ನಡೆದಿದೆ. ಈ ಕೆಲಸ ನಿಜವಾಗಿ ಹೇಗಿತ್ತು ಎಂದು ಬರೆದಿಡಿ, ಅಮ್ಮನಿಂದ ಓದಿಸಿಕೊಳ್ಳುತ್ತೇನೆ ಎಂದಳು. ಮಹಾಪೆಯಲ್ಲಿ ಅವಳು ಸೇರಲಿರುವ ಆಫೀಸಿನಲ್ಲಿ ಅವಳ ವಯಸ್ಸಿನವರು ಇನ್ನೂ ಇದ್ದಾರಂತೆ. ಅವರಿಗೂ, ಈ ಕೆಲಸಕ್ಕೆ ಬರುವ ನಮ್ಮವರ ಇತರ ಮಕ್ಕಳಿಗೂ ಸೇರಿಸಿಯೇ ಬರೆಯುತ್ತಿದ್ದೇನೆ.

ಖುಷಿಯಲ್ಲಿ ಪೆನ್ನು ಹಿಡಿದಿದ್ದೇನೆ, ಆದರೆ ಬರೆಯಬೇಕಾದದ್ದು ಖುಷಿಯದ್ದಲ್ಲ. ಶಹಾಡಿನ ನಿತೇಶ ಎಂಬ ಗೋಲ್‌ಕೀಪರ್‌ನ ನೆನಪುಶಕ್ತಿ ಹೋಯಿತು. ಅದು ಹೋದದ್ದು ನನ್ನ ಕೈಯಿಂದ. ಅಲ್ಲಿಗೆ ಬರಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ಹನ್ನೆರಡನೇ ವಯಸ್ಸಿಗೆ ನಾನು ಪಡುಬಿದ್ರೆ ಕಡೆಯಿಂದ ಮಾವನ ಜೊತೆ ಠಾಣೆಗೆ ಬಂದು ನಾಲ್ಕು ರಸ್ತೆ ಕೂಡುವ ನಾಕಾದ ಹೋಟೆಲೊಂದರಲ್ಲಿ ಟೇಬಲ್ ಒರೆಸಲು ನಿಂತವನು. ಮಧ್ಯಾಹ್ನ ಊಟದವರು ಹೋಗಿ ಸಂಜೆಯ ಚಹಾದವರು ಬರುವ ತನಕ ಒಂದೂವರೆ ಗಂಟೆ ಬಿಡುವು. ಸುತ್ತಲಿನ ಹೋಟೆಲುಗಳ ಹುಡುಗರೆಲ್ಲ ಮೈದಾನಕ್ಕೆ ಓಡುತ್ತಿದ್ದೆವು. ಕ್ರಿಕೆಟ್‌ಗೆ ಬ್ಯಾಟು, ಸ್ಟಂಪು ಎಂದು ನೂರೆಂಟು ಬೇಕು. ಫುಟ್‌ಬಾಲ್‌ಗೆ ಚೆಂಡೊಂದಿದ್ದರೆ ಮೂವತ್ತು ಮಂದಿ ಆಡಬಹುದು. ಬರಿಗಾಲು, ಮೈಯಲ್ಲಿ ಸಾಂಬಾರಿನ ವಾಸನೆ. ನಾನು ಉದ್ದ ಇದ್ದೆ. ಮೇಲಿನಿಂದ ಬಂದ ಚೆಂಡಿಗೆಲ್ಲ ತಲೆ ಕೊಡುತ್ತಿದ್ದೆ.

ಹಾಗೆ ಆಡುವುದನ್ನು ನೋಡಿದವರು ಪ್ರಧಾನ್ ಸಾಹೇಬರು. ಶಹಾಡಿನ ಒಂದು ಬಣ್ಣದ ಕಾರ್ಖಾನೆಯಲ್ಲಿ ಲೇಬರ್ ಆಫೀಸರ್, ಕಾರ್ಖಾನೆಯ ಟೀಮಿಗೂ ಅವರೇ ಮ್ಯಾನೇಜರ್. ನನ್ನನ್ನು ಹೆಲ್ಪರ್ ಎಂದು ಸೇರಿಸಿಕೊಂಡರು. ಕೆಲಸ ಏನು ಎಂದು ಕೇಳಿದ್ದಕ್ಕೆ, "ಸರ್ ದೇನಾ, ಔರ್ ಕ್ಯಾ," ಎಂದು ನಕ್ಕರು. ತಲೆ ಕೊಡುವುದೇ ಕೆಲಸ. ಒಳ್ಳೆಯ ಮನುಷ್ಯ. ನನ್ನ ಮದುವೆಗೆ ರಜೆ ಕೊಡಿಸಿದವರು, ಮಗಳು ಶೋಭಾ ಹುಟ್ಟಿದಾಗ ಆಸ್ಪತ್ರೆಗೆ ಬಂದವರು. ಅವರಿಂದ ನಾನು ಕಲಿತದ್ದರಲ್ಲಿ ಒಂದನ್ನು ಮಾತ್ರ ಕಲಿಯಬಾರದಿತ್ತು.

ಕಲ್ಯಾಣದಲ್ಲಿ ಒಂದು ಸೆಮಿಫೈನಲ್. ಎದುರಿನ ಟೀಮಿನವನ ಹಣೆಗೂ ನನ್ನ ಕಪಾಳಕ್ಕೂ ಢಿಕ್ಕಿಯಾಗಿ ನಾನು ಬಿದ್ದೆ. ಕಾರ್ಖಾನೆಯ ಡಾಕ್ಟರು ಬಂದು ಸ್ಕೋರ್ ಎಷ್ಟು ಎಂದು ಕೇಳಿದರು. ನನಗೆ ಸ್ಕೋರ್ ಹೋಗಲಿ, ಊರು ಯಾವುದೆಂದೇ ಗೊತ್ತಿರಲಿಲ್ಲ. ಡಾಕ್ಟರ ಬೆನ್ನ ಹಿಂದೆ ಪ್ರಧಾನ್ ಸಾಹೇಬರು ಬಲಗೈಯಲ್ಲಿ ಎರಡು ಬೆರಳು, ಎಡಗೈಯಲ್ಲಿ ಒಂದು ಬೆರಳು ತೋರಿಸುತ್ತಾ ನಿಂತಿದ್ದರು. ಎರಡು, ಒಂದು ಎಂದೆ. ಡಾಕ್ಟರು ಚಹಾ ಕುಡಿಯಲು ಹೋದರು. ಆಮೇಲಿನ ಆಟ ನನಗೆ ಇಂದಿಗೂ ನೆನಪಿಲ್ಲ. ಮೂರನೇ ಗೋಲು ನಾನೇ ತಲೆಯಲ್ಲಿ ಹೊಡೆದೆನಂತೆ. ಮೂವತ್ತು ವರ್ಷ ನಾನು ಈ ಕಥೆಯನ್ನು ಜೋಕಿನಂತೆ ಹೇಳುತ್ತಾ ಬಂದೆ. ಮದುವೆ ಮನೆಗಳಲ್ಲಿ, "ಸದಾ, ನೀನು ನೋಡದ ಗೋಲಿನ ಕಥೆ ಹೇಳು ಮಾರಾಯ," ಎಂದು ಕೇಳಿ ಹೇಳಿಸುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾನು.

ಮುಂದೆ ಕಾರ್ಖಾನೆಯವರು ಟೀಮನ್ನು ಮುಚ್ಚಿದರು. ನನ್ನ ಕಾಲೂ ಅಷ್ಟರಲ್ಲಿ ಮುಗಿದಿತ್ತು. ಆದರೆ ಯಾವ ಮೈದಾನದಲ್ಲಿ ಯಾವ ಹುಡುಗ ಹೇಗೆ ಆಡುತ್ತಾನೆ ಎಂಬುದು ಬದ್ಲಾಪುರದಿಂದ ವಾಶಿಯ ತನಕ ನನ್ನ ತಲೆಯಲ್ಲಿತ್ತು. ಬ್ಯಾಂಕಿನ ಟೀಮಿನವರು, ಪೋರ್ಟಿನ ಟೀಮಿನವರು ಕರೆದು ಒಬ್ಬ ಲೆಫ್ಟ್ ಬ್ಯಾಕ್ ಬೇಕು, ಒಬ್ಬ ಕೀಪರ್ ಬೇಕು ಎನ್ನುತ್ತಿದ್ದರು. ನಾನು ಕರೆದುಕೊಂಡು ಹೋಗಿ ನಿಲ್ಲಿಸುತ್ತಿದ್ದೆ. ಏಜೆಂಟ್ ಎಂಬ ಹೆಸರು ಆಗ ವಿಮೆಯವರಿಗೆ ಮಾತ್ರ ಇತ್ತು. ನಮ್ಮಲ್ಲಿ ಕರಾರು ಎಂದರೆ ಬಾಯಿಮಾತು. ಹುಡುಗ ಬೇರೆಯವರ ಕೈಗೆ ಹೋಗದಿರಲಿ ಎಂದು ಅವನ ಒರಿಜಿನಲ್ ಸರ್ಟಿಫಿಕೇಟು ನನ್ನ ಕಪಾಟಿನಲ್ಲಿ ಇರುತ್ತಿತ್ತು. ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಮಕ್ಕಳೇ, ನೀವು ಮಾಡಬೇಡಿ. ಒಬ್ಬನಿಗೆ ಗೋವಾದಲ್ಲಿ ಸರ್ಕಾರಿ ಕೆಲಸದ ಇಂಟರ್‌ವ್ಯೂ ಬಂದಾಗ ನಾನು ಪಡುಬಿದ್ರೆ ಕಡೆ ಊರಿಗೆ ಹೋಗಿದ್ದೆ, ಕಪಾಟಿನ ಕೀಲಿ ನನ್ನ ಸೊಂಟದಲ್ಲಿತ್ತು. ಅವನು ಈಗಲೂ ಠಾಣೆ ಸ್ಟೇಷನ್ನಿನ ಹೊರಗೆ ರಿಕ್ಷಾ ಓಡಿಸುತ್ತಾನೆ. ನನ್ನನ್ನು ಕಂಡರೆ ರಿಕ್ಷಾ ನಿಲ್ಲಿಸುವುದಿಲ್ಲ.

ಆಮೇಲೆ ವಿಡಿಯೊ ಕಾಲ ಬಂತು. ಅದರಲ್ಲೂ ಎಡವಿದೆ. ಏಳನೇ ನಂಬರಿನ ಹುಡುಗನ ಆಟವನ್ನು ಫೋನಿನಲ್ಲಿ ತೆಗೆಸಿ ಹೊರರಾಜ್ಯದ ಒಂದು ಕ್ಲಬ್ಬಿಗೆ ಕಳಿಸಿದೆ. ಅವರು ಭಾರೀ ಮೆಚ್ಚಿ ಏಳನೇ ನಂಬರನ್ನು ಕಳಿಸಿ ಎಂದರು. ಕಳಿಸಿದೆ. ಹತ್ತು ದಿನಕ್ಕೆ ವಾಪಸು ಕಳಿಸಿದರು. ಆಮೇಲೆ ತಿಳಿಯಿತು, ಆ ದಿನ ಶರ್ಟು ಕಡಿಮೆ ಬಿದ್ದು ಅರ್ಧ ಆಟದ ಮೇಲೆ ಏಳನೇ ನಂಬರಿನ ಶರ್ಟನ್ನು ಇನ್ನೊಬ್ಬನಿಗೆ ತೊಡಿಸಿದ್ದರು. ಅವರು ಮೆಚ್ಚಿದ ಎರಡೂ ಗೋಲು ಹೊಡೆದವನು ಅವನು. ಆ ಇನ್ನೊಬ್ಬನನ್ನು ಹುಡುಕಿಕೊಂಡು ಹೋದರೆ ಅವನು ಆಟ ಬಿಟ್ಟು ಮಸ್ಕತ್ತಿಗೆ ಹೊರಟಿದ್ದ.

ದೊಡ್ಡ ಲೀಗುಗಳು ಬಂದ ಮೇಲೆ ಏಜೆಂಟನಿಗೆ ಲೈಸೆನ್ಸು ಬೇಕಾಯಿತು. ಎಲ್ಲ ಇಂಗ್ಲಿಷಿನಲ್ಲಿ. ನನ್ನಿಂದಾಗದ ಮಾತು. ಠಾಣೆಯಲ್ಲಿ ಒಂದು ಆಫೀಸಿನವರು ತಮ್ಮ ಲೈಸೆನ್ಸಿನ ಕೆಳಗೆ ನನ್ನನ್ನು ಇಟ್ಟುಕೊಂಡರು. ಯಜಮಾನರು ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಯಾವಾಗಲೂ ಎರಡು ಫೋನು. ಹುಡುಗರನ್ನು ಹುಡುಕುವುದು, ಮನೆಯವರನ್ನು ಒಪ್ಪಿಸುವುದು, ಮ್ಯಾಚಿಗೆ ಜೊತೆಗೆ ಹೋಗುವುದು ನನ್ನ ಪಾಲು. ಕಾಗದ ಅವರ ಪಾಲು.

ಆ ಹೊತ್ತಿಗೆ ಕ್ಲಬ್ಬುಗಳಿಗೆ ಹೊಸ ನಿಯಮ ಬಂತು. ತಲೆಗೆ ಪೆಟ್ಟಾದ ಆಟಗಾರನಿಗೆ ಡಾಕ್ಟರು ಐದು ಪ್ರಶ್ನೆ ಕೇಳಬೇಕು. ಇದು ಯಾವ ಮೈದಾನ? ಈಗ ಮೊದಲ ಅರ್ಧವೋ ಎರಡನೆಯದೋ? ಕೊನೆಯ ಗೋಲು ಯಾರದು? ಕಳೆದ ವಾರ ಯಾರ ಮೇಲೆ ಆಡಿದಿರಿ? ಗೆದ್ದಿರಾ, ಸೋತಿರಾ? ಒಂದು ತಪ್ಪಿದರೂ ಹೊರಗೆ.

ಏಳನೇ ಕ್ಲಾಸಿನ ನನಗೆ ಇದು ಇನ್ನೊಂದು ಪರೀಕ್ಷೆಯಾಗಿ ಕಂಡಿತು. ಪರೀಕ್ಷೆ ಇದ್ದಲ್ಲಿ ಗೈಡ್ ಇರುತ್ತದೆ. ನನ್ನ ಹುಡುಗರಿಗೆ ಮ್ಯಾಚಿನ ಮುಂಚೆ ಬೂಟು ಕಟ್ಟಿಕೊಳ್ಳುವಾಗಲೇ ಬಾಯಿಪಾಠ ಮಾಡಿಸುತ್ತಿದ್ದೆ: ಮೈದಾನದ ಹೆಸರು, ಕಳೆದ ವಾರದ ಟೀಮು, ಗೆದ್ದದ್ದೋ ಸೋತದ್ದೋ. ಉಳಿದ ಎರಡಕ್ಕೆ ಸನ್ನೆ ಇತ್ತು. ನನ್ನ ತಲೆಯಲ್ಲಿ ಟೋಪಿ ಇದ್ದರೆ ಮೊದಲ ಅರ್ಧ, ತೆಗೆದರೆ ಎರಡನೆಯದು. ಕೊನೆಯ ಗೋಲು ನಮ್ಮದಾದರೆ ಬಲಗೈ ಎತ್ತುತ್ತಿದ್ದೆ, ಅವರದಾದರೆ ಎಡಗೈ. ಗೋಲ್‌ಕೀಪರ್‌ಗೆ ಇದು ಇನ್ನೂ ಸುಲಭ, ನಾನು ಗೋಲಿನ ಹಿಂದೆಯೇ ನಿಲ್ಲುತ್ತಿದ್ದೆ. ಮೂವರು ಹುಡುಗರು ನನ್ನ ಈ ಗೈಡಿನಿಂದ ಪಾಸಾಗಿ ಟೀಮಿನಲ್ಲಿ ಉಳಿದರು. ನನ್ನ ಮೇಲೆ ನನಗೇ ಹೆಮ್ಮೆ. ಠಾಣೆಯ ಯಜಮಾನರಿಗೂ ಹೇಳಿದೆ. ಅವರು ತಮಗೆ ಏನೂ ಕೇಳಿಸಲಿಲ್ಲ ಎಂದು ಕಣ್ಣು ಮಿಟುಕಿಸಿದರು.

ಇನ್ನು ನಿತೇಶ. ಇಪ್ಪತ್ತಮೂರು ವರ್ಷ, ನಮ್ಮ ಕರಾವಳಿಯವರ ಮಗ, ಹುಟ್ಟಿದ್ದು ಬೆಳೆದದ್ದು ಶಹಾಡಿನಲ್ಲಿ. ತಂದೆ ತಾಯಿ ಇಲ್ಲ. ಸಾಕಿದವಳು ಅಕ್ಕ ವನಿತಾ. ಅಲ್ಲಿಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಸೂಪರ್‌ವೈಸರ್. ತಮ್ಮನಿಗಾಗಿ ಮದುವೆ ಮುಂದೂಡುತ್ತಾ ಬಂದವಳು. ಅವನನ್ನು ಕೀಪರ್ ಆಗಿ ನಿಲ್ಲಿಸಿದ್ದೇ ನಾನು. ಕೈಗಳೋ, ಸಣ್ಣ ಮೊರದಷ್ಟು ಅಗಲ. ಚೆಂಡು ಬರುವ ಮುಂಚೆಯೇ ಎಲ್ಲಿಗೆ ಬರುತ್ತದೆ ಎಂದು ಅವನಿಗೆ ಗೊತ್ತಿರುತ್ತಿತ್ತು. ಮಾತು ಕಡಿಮೆ, ಕುಚೋದ್ಯ ಹೆಚ್ಚು. ನನ್ನ ಟೋಪಿ ನೋಡಿ, "ಸದಣ್ಣ, ನಿಮ್ಮ ಬೋಳುತಲೆ ಬಿಸಿಲಿಗೆ ಹೊಳೆದರೆ ಸಾಕು, ಸೆಕೆಂಡ್ ಹಾಫ್ ಅಂತ ನನಗೆ ಗೊತ್ತಾಗ್ತದೆ," ಎನ್ನುತ್ತಿದ್ದ.

ನವಿ ಮುಂಬೈಯ ಒಂದು ಮೈದಾನದಲ್ಲಿ ಶನಿವಾರದ ಮ್ಯಾಚು. ಅವನ ಆಟ ನೋಡಲು ದೊಡ್ಡ ಕ್ಲಬ್ಬಿನ ಇಬ್ಬರು ಬರುವವರಿದ್ದರು. ಅವರು ಮೆಚ್ಚಿದರೆ ಮಂಗಳವಾರ ಸಹಿ. ಅದನ್ನು ನಾನೇ ಮೂರು ದಿನ ಮುಂಚೆ ಅವನಿಗೂ ವನಿತಾಗೂ ಹೇಳಿದ್ದೆ. ಸಹಿಯಾದರೆ ಅಕ್ಕನಿಗೆ ಕ್ಯಾಂಟೀನು ಬಿಡಿಸುತ್ತೇನೆ ಎಂದು ಅವನು ಸ್ಟೇಷನ್ನಿನಲ್ಲಿ ಹೇಳಿದ್ದ.

ಎರಡನೇ ಅರ್ಧದಲ್ಲಿ ಎದುರಿನವನ ಮೊಣಕಾಲು ನಿತೇಶನ ಕಪಾಳಕ್ಕೆ ಬಡಿಯಿತು. ಶಬ್ದ ಗೋಲಿನ ಹಿಂದೆ ನಿಂತಿದ್ದ ನನಗೂ ಕೇಳಿಸಿತು. ಬಿದ್ದವನು ಎದ್ದು ಕುಳಿತ, ಆದರೆ ಕಣ್ಣು ಎಲ್ಲೋ ಇತ್ತು. ಕ್ಲಬ್ಬಿನ ಡಾಕ್ಟರು ಓಡಿ ಬಂದರು. ಚಿಕ್ಕ ವಯಸ್ಸಿನ ಹುಡುಗಿ, ಹೊಸದಾಗಿ ಸೇರಿದವಳು. ಮೊಣಕಾಲೂರಿ ಕುಳಿತು ಒಂದೊಂದಾಗಿ ಕೇಳಿದಳು. ನಾನು ಟೋಪಿ ತೆಗೆದೆ. ಎಡಗೈ ಎತ್ತಿದೆ. ಅವನ ಕಣ್ಣು ನನ್ನ ಮೇಲೆ ನಿಂತಿತು. ಐದಕ್ಕೆ ಐದೂ ಸರಿ.

ಆದರೆ ಅವಳಿಗೆ ಸಮಾಧಾನವಾಗಲಿಲ್ಲ. ಮತ್ತೆ ಮೊದಲಿನಿಂದ ಕೇಳಿದಳು. ಈ ಸಲ ನಾಲ್ಕನೆಯದಕ್ಕೆ ಉತ್ತರ ಹೇಳಿದವನು ನಿಲ್ಲಿಸದೆ ಐದನೆಯದರ ಉತ್ತರವನ್ನೂ ಹೇಳಿಬಿಟ್ಟ. ಅವಳು ಪೆನ್ನು ಮೇಲೆತ್ತಿ, "ಮೈನೇ ಅಭೀ ಪೂಛಾ ನಹೀ," ಎಂದಳು. ನಾನಿನ್ನೂ ಕೇಳಲೇ ಇಲ್ಲವಲ್ಲ ಎಂದು. ಆಗ ಗೆರೆಯ ಆಚೆಯಿಂದ ಟೀಮಿನ ಮ್ಯಾನೇಜರ್, "ಡಾಕ್ಟರ್, ಮ್ಯಾಚ್ ಚಲ್ ರಹಾ ಹೈ, ಇಂಟರ್‌ವ್ಯೂ ನಹೀ," ಎಂದು ಕೂಗಿದ. ನಡೆಯುತ್ತಿರುವುದು ಮ್ಯಾಚು, ಇಂಟರ್‌ವ್ಯೂ ಅಲ್ಲ ಎಂದು. ಆಟಗಾರರು ನಕ್ಕರು. ಅವಳ ಮುಖ ಕೆಂಪಾಯಿತು. ಕಾಗದದಲ್ಲಿ ಐದು ಟಿಕ್ ಹಾಕಿ ಎದ್ದಳು. ಆ ಒಂದು ಗಳಿಗೆಯಲ್ಲಿ ನಾನು ಬಾಯಿ ತೆರೆದಿದ್ದರೆ ಸಾಕಿತ್ತು. ನಾನು ಟೋಪಿಯನ್ನು ಮತ್ತೆ ತಲೆಗೆ ಹಾಕಿಕೊಂಡೆ.

ಇಪ್ಪತ್ತೈದು ನಿಮಿಷ ಆಡಿದ. ಒಂದು ಸಲ ನಮ್ಮವನದೇ ಭುಜ ತಲೆಗೆ ತಾಗಿತು, ಎದ್ದು ನಿಂತ. ಒಂದು ಗೋಲೂ ಬಿಡಲಿಲ್ಲ. ಕೊನೆಗೆ ನಮ್ಮವರು ಒಂದು ಹೊಡೆದು ಗೆದ್ದರು. ದೊಡ್ಡ ಕ್ಲಬ್ಬಿನವರು ಬಂದು ನನ್ನ ಕೈ ಕುಲುಕಿ ಮಂಗಳವಾರ ಕರೆದುಕೊಂಡು ಬನ್ನಿ ಎಂದರು.

ನೆರೂಳಿನಿಂದ ಠಾಣೆಯ ಗಾಡಿ ಹತ್ತಿದೆವು. ಕಿಟಕಿಯ ಪಕ್ಕ ಕುಳಿತವನು ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ತಿರುಗಿದ.

"ಸದಣ್ಣ, ಮ್ಯಾಚ್ ಎಷ್ಟು ಗಂಟೆಗೆ?"

"ಆಯ್ತಲ್ಲ ಮಾರಾಯ. ಗೆದ್ದೆವಲ್ಲ."

"ಹೌದಾ? ನಾನು ಆಡಿದೆನಾ?"

ಎದುರಿನ ಸೀಟಿನವರು ನೋಡುತ್ತಿದ್ದರು. ನಾನು ನಕ್ಕುಬಿಟ್ಟೆ. ಕಲ್ಯಾಣದ ಸೆಮಿಫೈನಲಿನ ನನ್ನ ಕಥೆಯನ್ನು ಹೇಳಿ, ನೀನೂ ನನ್ನ ಸಾಲಿಗೆ ಸೇರಿದೆ ಎಂದೆ. ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ವಾಂತಿ ಮಾಡಿದ. ನಿಂಬೆ ಸೋಡ ಕುಡಿಸಿ, ಕಸಾರಾ ಗಾಡಿ ಹತ್ತಿಸಿ, ಶಹಾಡಿನ ಮನೆಗೆ ಮುಟ್ಟಿಸಿದೆ. ವನಿತಾ ತಮ್ಮನ ಮುಖ ಹಿಡಿದು ನೋಡಿದಳು.

"ತಲೆಗೆ ಪೆಟ್ಟು ಗಿಟ್ಟು ಆಯ್ತಾ, ಸದಣ್ಣ?"

"ಇಲ್ಲಮ್ಮ. ಬಿಸಿಲು. ಮಲಗಲಿ."

ಈ ಮೂರು ಮಾತನ್ನು ನಾನು ಏಜೆಂಟನಾಗಿ ಆಡಿದ ಉಳಿದೆಲ್ಲ ಮಾತಿನ ಪಕ್ಕದಲ್ಲಿ ಇಟ್ಟು ನೋಡಿದ್ದೇನೆ. ಇಷ್ಟು ಭಾರದ್ದು ಬೇರೆ ಇಲ್ಲ. ಆಸ್ಪತ್ರೆಗೆ ಹೋದರೆ ವಿಷಯ ಹೊರಗೆ ಬರುತ್ತದೆ, ವಿಷಯ ಹೊರಗೆ ಬಂದರೆ ಮಂಗಳವಾರದ ಸಹಿ ತಪ್ಪುತ್ತದೆ. ನನ್ನ ಮನಸ್ಸಿನಲ್ಲಿ ಇದ್ದದ್ದು ಅಷ್ಟೇ. ಅವನ ಒಳ್ಳೆಯದಕ್ಕೇ ಎಂದು ನಂಬಿದ್ದೆ. ಈ ಕೆಲಸದಲ್ಲಿ ತಪ್ಪು ಮಾಡುವವರೆಲ್ಲ ಹಾಗೆಯೇ ನಂಬಿರುತ್ತಾರೆ.

ಸೋಮವಾರ ಬೆಳಿಗ್ಗೆ ಶಹಾಡಿನ ಮೈದಾನದಲ್ಲಿ ಒಬ್ಬನೇ ಓಡಲು ಹೋದ ನಿತೇಶ ಅಲ್ಲೇ ಬಿದ್ದ. ಕಲ್ಯಾಣದ ಆಸ್ಪತ್ರೆಯಲ್ಲಿ ತಲೆಯೊಳಗೆ ರಕ್ತ ಹೆಪ್ಪುಗಟ್ಟಿದೆ ಎಂದು ಆಪರೇಷನ್ ಮಾಡಿದರು. ಜೀವ ಉಳಿಯಿತು. ಎಚ್ಚರವಾದ ಮೇಲೆ ಬಲಗೈ ನಡುಗುತ್ತಿತ್ತು, ಲೋಟ ನಿಲ್ಲುತ್ತಿರಲಿಲ್ಲ. ಆ ಶನಿವಾರದ ಮುಂಚಿನದೆಲ್ಲ ನೆನಪಿದೆ. ಹೊಸದು ಯಾವುದೂ ನಿಲ್ಲುವುದಿಲ್ಲ. ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ಇಲ್ಲ. ತಕ್ಷಣ ಒಳ್ಳೆಯ ಕಡೆ ಇಟ್ಟು ಅಭ್ಯಾಸ ಮಾಡಿಸಿದರೆ ಕೈಯೂ ನೆನಪೂ ಒಂದಿಷ್ಟು ಮರಳಬಹುದು, ತಡವಾದಷ್ಟೂ ಕಷ್ಟ ಎಂದು ದೊಡ್ಡ ಡಾಕ್ಟರು ಹೇಳಿದರು. ಅಂಥ ಚಿಕಿತ್ಸೆ ನವಿ ಮುಂಬೈಯಲ್ಲಿತ್ತು. ಆಟದಲ್ಲಿ ಪೆಟ್ಟಾದದ್ದಾದರೆ ಕ್ಲಬ್ಬಿನವರು ತಮ್ಮ ಖರ್ಚಿನಲ್ಲಿ ಅಲ್ಲಿಗೆ ಸೇರಿಸಬೇಕು. ಅವರು ಮ್ಯಾಚಿನ ಕಾಗದ ತೋರಿಸಿದರು. ಡಾಕ್ಟರು ಪರೀಕ್ಷಿಸಿದ್ದಾರೆ, ಐದೂ ಉತ್ತರ ಸರಿ ಇದೆ, ಹಾಗಾದರೆ ಶನಿವಾರ ತಲೆಗೆ ಏನೂ ಆಗಿಲ್ಲ, ಸೋಮವಾರ ತಾನಾಗಿ ಬಿದ್ದದ್ದಕ್ಕೆ ನಾವು ಹೊಣೆಯಲ್ಲ ಎಂದರು.

ವನಿತಾ ಆ ಕಾಗದ ಹಿಡಿದುಕೊಂಡು ಡೊಂಬಿವಲಿಯ ನಮ್ಮ ಮನೆಗೆ ಬಂದಳು. ಇಂಗ್ಲಿಷಿನಲ್ಲಿತ್ತು. ಮಗಳು ಶೋಭಾ ಓದಿ ಕನ್ನಡದಲ್ಲಿ ಹೇಳಿದಳು. ಪ್ರಶ್ನೆ, ಉತ್ತರ, ಟಿಕ್. ವನಿತಾ ಪೂರ್ತಿ ಕೇಳಿದಳು.

"ಗಾಡಿಯಲ್ಲಿ ಅವನು ಮ್ಯಾಚ್ ಎಷ್ಟು ಗಂಟೆಗೆ ಅಂತ ಕೇಳಿದ್ದನ್ನು ಆಸ್ಪತ್ರೆಯಲ್ಲಿ ನೀವೇ ನನಗೆ ಹೇಳಿದ್ದು, ಸದಣ್ಣ. ಅದಕ್ಕೆ ಒಂದು ಗಂಟೆ ಮುಂಚೆ ಈ ಐದು ಹೇಗೆ ಸರಿ ಹೇಳಿದ? ಹೇಳಿ ಕೊಟ್ಟದ್ದು ಯಾರು?"

ನಾನು ಹೇಳಿದೆ. ಟೋಪಿ, ಬಲಗೈ, ಎಡಗೈ, ಎಲ್ಲ. ಶೋಭಾ ಅಡುಗೆಮನೆಗೆ ಹೋದಳು. ವನಿತಾ ಅಳಲಿಲ್ಲ, ಬೈಯಲೂ ಇಲ್ಲ. ಕಾಗದ ಮಡಚಿ ಚೀಲದಲ್ಲಿಟ್ಟು, "ಅದನ್ನು ಬರೆದು ಕೊಡಿ. ಕ್ಲಬ್ಬಿನವರಿಗೆ. ನಿಮ್ಮ ಸಹಿ ಹಾಕಿ," ಎಂದಳು.

ಇಲ್ಲಿ ನಾನು ಎರಡನೇ ತಪ್ಪು ಮಾಡಿದೆ. ಮೊದಲನೆಯದಕ್ಕಿಂತ ಇದು ಕೆಟ್ಟದ್ದು, ಯಾಕೆಂದರೆ ಮೊದಲನೆಯದರಲ್ಲಿ ಯೋಚಿಸಲು ಹೊತ್ತಿರಲಿಲ್ಲ. ಠಾಣೆಯ ಯಜಮಾನರನ್ನು ಕೇಳಲು ಹೋದೆ. ಅವರು ಎರಡೂ ಫೋನು ಮಗುಚಿಟ್ಟು, ಬರೆದರೆ ನೀವೂ ಹೋದಿರಿ, ನಿಮ್ಮ ಗೈಡಿನಿಂದ ಪಾಸಾದ ಉಳಿದ ಮೂವರೂ ಹೋದರು, ಈ ಆಫೀಸೂ ಹೋಯಿತು, ಸುಮ್ಮನಿರಿ, ಅವನ ಹಣೆಬರಹ ಎಂದರು. ಮನೆಗೆ ಬಂದು ಸುಮ್ಮನಿದ್ದೆ. ಹನ್ನೊಂದು ದಿನ. ಪ್ರತಿ ದಿನ ಆಸ್ಪತ್ರೆಗೆ ಹಣ್ಣು ತೆಗೆದುಕೊಂಡು ಹೋಗುತ್ತಿದ್ದೆ, ಕಾಗದ ತೆಗೆದುಕೊಂಡು ಹೋಗಲಿಲ್ಲ. ವನಿತಾ ಮತ್ತೆ ಕೇಳಲಿಲ್ಲ. ನನ್ನ ಹಣ್ಣನ್ನು ಪಕ್ಕದ ಮಂಚದವರಿಗೆ ಕೊಟ್ಟುಬಿಡುತ್ತಿದ್ದಳು.

ಹನ್ನೆರಡನೇ ದಿನ ದೊಡ್ಡ ಡಾಕ್ಟರು ನನ್ನ ಎದುರಿಗೇ ನಿತೇಶನಿಗೆ ಇದು ಯಾವ ಊರು ಎಂದು ಕೇಳಿದರು. ಅವನು ನನ್ನ ಕಡೆ ತಿರುಗಿದ. ನನ್ನ ತಲೆಯನ್ನು ನೋಡಿದ, ಕೈಯನ್ನು ನೋಡಿದ. ಕಾಯುತ್ತಿದ್ದ. ನಾನು ಎರಡೂ ಕೈಯನ್ನು ಬೆನ್ನ ಹಿಂದೆ ಹಿಡಿದುಕೊಂಡು ಹೊರಗೆ ಬಂದೆ. ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ಗೆರೆಯ ಕಾಗದ ಕೊಂಡು ಅಲ್ಲೇ ಬೆಂಚಿನಲ್ಲಿ ಕುಳಿತು ಬರೆದೆ, ಕನ್ನಡದಲ್ಲಿ. ಶೋಭಾ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಎರಡನ್ನೂ ಕ್ಲಬ್ಬಿಗೆ ಕೊಟ್ಟೆ.

ಕ್ಲಬ್ಬಿನವರು ಒಪ್ಪಲು ಇನ್ನೂ ಕೆಲವು ವಾರ ಹಿಡಿಯಿತು. ಕೊನೆಗೆ ಅವನನ್ನು ಆ ಚಿಕಿತ್ಸೆಗೆ ಸೇರಿಸಿದರು. ಕೈ ಬಹಳಷ್ಟು ಸರಿಯಾಯಿತು, ಈಗ ಲೋಟ ಹಿಡಿಯುತ್ತಾನೆ. ನೆನಪು ಬರಲಿಲ್ಲ. ಆ ಹನ್ನೊಂದು ದಿನ ಮುಂಚೆ ಶುರುವಾಗಿದ್ದರೆ ಬರುತ್ತಿತ್ತೇ ಎಂದು ಡಾಕ್ಟರನ್ನು ಕೇಳಿದ್ದೇನೆ. ಹೇಳಲಾಗದು ಎಂದರು. ಬರುತ್ತಿರಲಿಲ್ಲ ಎಂದು ಅವರು ಹೇಳಲಿ ಎಂದು ಎಷ್ಟು ಆಸೆಪಟ್ಟೆ.

ನನ್ನ ಕೆಲಸ ಅಲ್ಲಿಗೆ ಮುಗಿಯಿತು. ನಿವೃತ್ತಿ ಎಂದು ನಾನು ಹೇಳಿಕೊಳ್ಳುವುದು ಅದನ್ನೇ. ಉಳಿದ ಮೂವರಲ್ಲಿ ಇಬ್ಬರನ್ನು ಮತ್ತೆ ಪರೀಕ್ಷೆಗೆ ಕರೆದರು, ಒಬ್ಬ ಆಟ ಬಿಟ್ಟ. ಆ ಡಾಕ್ಟರ್ ಹುಡುಗಿಯನ್ನೂ ಕ್ಲಬ್ಬಿನವರು ತೆಗೆದರು. ಅವಳ ತಪ್ಪು ಏನೂ ಇರಲಿಲ್ಲ. ನನ್ನ ನಂಬರು ಹುಡುಕಿ ಫೋನ್ ಮಾಡಿದಳು. ಬೈಯುತ್ತಾಳೆ ಎಂದುಕೊಂಡೆ. "ಮೈನೇ ದೋ ಬಾರ್ ಪೂಛಾ ಥಾ, ಅಂಕಲ್," ಎಂದಳು. ಎರಡು ಸಲ ಕೇಳಿದ್ದೆನಲ್ಲ ಎಂದು. ಅಷ್ಟು ಹೇಳಿ ಇಟ್ಟಳು.

ನಾನು ತಿಂಗಳಿಗೊಮ್ಮೆ ಶಹಾಡಿಗೆ ಹೋಗುತ್ತೇನೆ. ನಿತೇಶನಿಗೆ ನನ್ನನ್ನು ಕಂಡರೆ ಇಂದಿಗೂ ಪ್ರೀತಿ, ಅವನಿಗೆ ಏನು ಗೊತ್ತು? ಬಾಗಿಲಲ್ಲೇ ಕೇಳುತ್ತಾನೆ, ಮಂಗಳವಾರ ಸಹಿ ಅಲ್ಲವಾ ಎಂದು. ಮೊದಲ ಸಲ ಕೇಳಿದಾಗ, ಹೌದು, ಮಂಗಳವಾರ ಎಂದುಬಿಟ್ಟೆ. ಅವನ ಮುಖ ಅರಳಿತು. ವನಿತಾ ನನ್ನನ್ನು ಬಾಗಿಲ ಹೊರಗಿನ ಗ್ಯಾಲರಿಗೆ ಕರೆದುಕೊಂಡು ಹೋದಳು.

"ಇನ್ನು ಅವನಿಗೆ ಸುಳ್ಳು ಉತ್ತರ ಬೇಡ, ಸದಣ್ಣ. ಕೇಳಿದಾಗೆಲ್ಲ ನಡೆದದ್ದು ಹೇಳಿ. ಆಗುವುದಿಲ್ಲ ಅಂತಾದ್ರೆ ಬರಬೇಡಿ."

ಅಂದಿನಿಂದ ಹೇಳುತ್ತಿದ್ದೇನೆ. ಪ್ರತಿ ಸಲವೂ ಅವನಿಗೆ ಅದು ಹೊಸದು. ಒಮ್ಮೆ ನಗುತ್ತಾನೆ, ಒಮ್ಮೆ ನನ್ನ ಕಾಲರ್ ಹಿಡಿದಿದ್ದ, ಒಮ್ಮೆ ಇಡೀ ಮಧ್ಯಾಹ್ನ ಗೋಡೆಗೆ ಮುಖ ಮಾಡಿ ಮಲಗಿದ. ಮರುತಿಂಗಳು ಮತ್ತೆ ಅದೇ ನಗುಮುಖದಿಂದ ಬಾಗಿಲು ತೆಗೆಯುತ್ತಾನೆ. ಏಳು ವರ್ಷವಾಯಿತು.

ಹೋದ ಭಾನುವಾರ ಸಾನಿಕಾಳನ್ನೂ ಕರೆದುಕೊಂಡು ಹೋದೆ. ಕೆಲಸಕ್ಕೆ ಸೇರುವ ಮುಂಚೆ ಅವಳು ನೋಡಬೇಕಾದ ಮೈದಾನ ಅದೊಂದೇ ಎಂದು ನನಗೆ ಅನಿಸಿತ್ತು. ದಾರಿಯಲ್ಲಿ ಎಲ್ಲ ಹೇಳಿದ್ದೆ. ಕಲ್ಯಾಣ ದಾಟುವ ಹೊತ್ತಿಗೆ ಅವಳು ಕಿಟಕಿಯ ಕಡೆ ತಿರುಗಿ ಕುಳಿತಿದ್ದಳು. ನನ್ನ ಮೇಲೆ ಅವಳಿಗಿದ್ದ ಗೌರವವೆಲ್ಲ ಇವತ್ತಿಗೆ ಮುಗಿಯಿತು ಎಂದುಕೊಂಡೆ.

ವನಿತಾ ಚಹಾ ಮಾಡಿದಳು. ನಿತೇಶ ಸಾನಿಕಾಳನ್ನು ನೋಡಿ ಯಾರಿವಳು ಎಂದ. ನನ್ನ ಮೊಮ್ಮಗಳು, ಆಟಗಾರರ ಏಜೆಂಟು ಎಂದೆ. ಹೇಳುವಾಗ ಆ ಮನೆಯಲ್ಲಿಯೂ ನನ್ನ ಎದೆ ಉಬ್ಬಿತು, ನಾಚಿಕೆಯಿಲ್ಲದೆ ಬರೆಯುತ್ತೇನೆ. ಅವನು ಕುರ್ಚಿಯ ತುದಿಗೆ ಸರಿದು ಕುಳಿತ. ಕೂದಲು ಸರಿಮಾಡಿಕೊಂಡ.

"ಹಾಗಾದ್ರೆ ನನಗೊಂದು ಟೀಮ್ ನೋಡು. ಕೀಪರ್. ಸದಣ್ಣ ಹೇಳ್ತಾರೆ, ಆದ್ರೆ ಮಾಡಿಸುವುದಿಲ್ಲ."

ವನಿತಾ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಳು. ನೋಡೋಣ, ಪ್ರಯತ್ನಿಸೋಣ, ಮುಂದಿನ ಸೀಸನಿಗೆ ಎಂಬ ಮಾತುಗಳು ಈ ಕೆಲಸದಲ್ಲಿ ಎಲ್ಲರ ನಾಲಿಗೆಯ ತುದಿಯಲ್ಲಿ ಇರುತ್ತವೆ. ನಾನು ನೂರಾರು ಹುಡುಗರಿಗೆ ಹೇಳಿದ್ದೇನೆ. ಸಾನಿಕಾ ನನ್ನ ಕಡೆ ತಿರುಗಲಿಲ್ಲ. ಮರಾಠಿಗೂ ಹೋಗಲಿಲ್ಲ. ಹುಡುಕಿ ಹುಡುಕಿ, ನಮ್ಮ ಕನ್ನಡದಲ್ಲಿ ಹೇಳಿದಳು.

"ಇಲ್ಲ, ಅಣ್ಣ. ನಾನು ಟೀಮ್ ನೋಡುವುದಿಲ್ಲ. ನೀವು ಇನ್ನು ಆಡಬಾರದು."

ಈ ಕೆಲಸದಲ್ಲಿದ್ದ ಮೂವತ್ತು ವರ್ಷದಲ್ಲಿ ನಾನು ಒಬ್ಬ ಆಟಗಾರನಿಗೂ ಹೇಳದ ಮಾತು. ನನ್ನ ಕಣ್ಣು ತುಂಬಿ ಬಂತು. ಈ ಮಗು ಪಾಸಾದ ದಿನ ನನಗಾದ ಖುಷಿ ಇದರ ಮುಂದೆ ಏನೂ ಅಲ್ಲ. ನಿತೇಶ ಅವಳನ್ನೇ ನೋಡುತ್ತಿದ್ದ. ಕೋಪ ಬಂದಿರಲಿಲ್ಲ. ಇಷ್ಟು ಸೀದಾ ಯಾರೂ ಹೇಳಿಲ್ಲ ಎಂಬಂತೆ ನೋಡುತ್ತಿದ್ದ.

"ಯಾಕೆ?" ಎಂದ.

ಆ ಉತ್ತರ ಕೊಡಬೇಕಾದವಳು ಅವಳಲ್ಲ. ನಾನು ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡೆ. "ನಾನು ಹೇಳುತ್ತೇನೆ, ನಿತೇಶ," ಎಂದು, ಆ ಶನಿವಾರ ಅವನು ಬೂಟು ಕಟ್ಟಿಕೊಳ್ಳುತ್ತಿದ್ದಲ್ಲಿಂದ ಶುರು ಮಾಡಿದೆ.